ಕೆಸರುಗದ್ದೆಯಿಂದ ಬರುವ ಜ್ವರ: ಮೆಲಿಯಾಯ್ಡೋಸಿಸ್

ಬೆಂಗಳೂರಿನ ಮಲ್ಲತ್ತಹಳ್ಳಿ ಕೆರೆಯ ಸುತ್ತ ಈಗ ಮನೆಗಳೇ ಹೆಚ್ಚು. ಆದರೂ ಇಂಥ ಬಡಾವಣೆಗಳಲ್ಲಿ ನೆಲೆಸಿದ ಕರಾವಳಿಯವರು ಮುಂಗಾರಿನ ನಾಟಿಗೆಂದು ಊರಿಗೆ ಹೋಗಿ ಬರುವುದುಂಟು. ಅಂಥವರೊಬ್ಬರು ಉಡುಪಿ ಕಡೆಯ ಗದ್ದೆಯಲ್ಲಿ ನಾಲ್ಕು ದಿನ ಕೆಸರು ತುಳಿದು ಬಂದರೆಂದು ಭಾವಿಸೋಣ. ಸಕ್ಕರೆ ಕಾಯಿಲೆ ಮೊದಲೇ ಇದೆ. ಹತ್ತು ದಿನಗಳ ತರುವಾಯ ಜ್ವರ, ಕೆಮ್ಮು. ಕ್ಷಯವಿರಬಹುದೆಂಬ ಶಂಕೆ ಹುಟ್ಟುತ್ತದೆ. ಗದ್ದೆಗೆ ಇಳಿದಿದ್ದ ಸಂಗತಿಯನ್ನು ರೋಗಿ ಹೇಳುವುದಿಲ್ಲ, ವೈದ್ಯರು ಕೇಳುವುದಿಲ್ಲ. ಪ್ರಾಣಾಪಾಯ ಇರುವುದು ಇಲ್ಲಿಯೇ.

ಈ ರೋಗವನ್ನು ಮೊದಲು ಗುರುತಿಸಿದವರು ರಂಗೂನಿನಲ್ಲಿದ್ದ ಆಲ್ಫ್ರೆಡ್ ವಿಟ್ಮೋರ್ ಮತ್ತು ಸಿ. ಎಸ್. ಕೃಷ್ಣಸ್ವಾಮಿ, ವರದಿಯಾದದ್ದು 1912ರಲ್ಲಿ. ಬರ್ಖೋಲ್ಡೇರಿಯ ಸ್ಯೂಡೋಮಲ್ಲೈ ಎಂಬ ಇದರ ರೋಗಾಣು ತೇವದ ಮಣ್ಣಿನಲ್ಲಿಯೂ ನಿಂತ ನೀರಿನಲ್ಲಿಯೂ ವಾಸಿಸುತ್ತದೆ. ಗಾಯದ ಮೂಲಕ, ಉಸಿರಿನ ಮೂಲಕ, ಕುದಿಸದ ನೀರಿನ ಮೂಲಕ ದೇಹವನ್ನು ಸೇರುತ್ತದೆ. ಒಬ್ಬರಿಂದೊಬ್ಬರಿಗೆ ಹರಡುವುದು ತೀರ ಅಪರೂಪ. ನಮ್ಮ ರಾಜ್ಯದಲ್ಲಿ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜು ಇಂಥ ಅನೇಕ ರೋಗಿಗಳನ್ನು ಗುರುತಿಸಿದೆ. ಹೆಚ್ಚಿನವರು ಮಳೆಗಾಲದಲ್ಲಿ ಬಂದವರು, ಬಹುಮಂದಿ ಮಧುಮೇಹಿಗಳು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,65,000 ಜನರಿಗೆ ಇದು ತಗಲುತ್ತದೆ, 89,000 ಮಂದಿ ಸಾಯುತ್ತಾರೆ ಎಂದು 2016ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ.

ಲಕ್ಷಣಗಳನ್ನು ನಂಬಿ ಕೂರುವಂತಿಲ್ಲ. ಒಬ್ಬರಿಗೆ ನ್ಯುಮೋನಿಯ, ಇನ್ನೊಬ್ಬರಿಗೆ ಯಕೃತ್ತು ಅಥವಾ ಗುಲ್ಮದಲ್ಲಿ ಕೀವು, ಮತ್ತೊಬ್ಬರಿಗೆ ಚರ್ಮದ ಹುಣ್ಣು ಇಲ್ಲವೆ ಕೀಲು ನೋವು. ಕೆಲವರಲ್ಲಿ ರೋಗಾಣು ವರ್ಷಗಟ್ಟಲೆ ಅಡಗಿದ್ದು ಆಮೇಲೆ ತಲೆ ಎತ್ತುತ್ತದೆ. ಖಚಿತಪಡಿಸಿಕೊಳ್ಳಲು ರಕ್ತ, ಕಫ, ಮೂತ್ರ, ಕೀವು ಇವುಗಳಲ್ಲಿ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯೇ ಮುಖ್ಯ. ಶಂಕೆಯನ್ನು ಪ್ರಯೋಗಾಲಯದವರಿಗೆ ಮುಂಚಿತವಾಗಿ ತಿಳಿಸಬೇಕು. ಇಲ್ಲವಾದರೆ ಬೆಳೆದ ರೋಗಾಣುವನ್ನು ಬೇರೆ ಜಾತಿಯದೆಂದು ತಳ್ಳಿಹಾಕುವ ಸಂಭವವಿದೆ. ಒಮ್ಮೆ ಸಿಗಲಿಲ್ಲವೆಂದರೆ ರೋಗವಿಲ್ಲವೆಂದು ಅರ್ಥವಲ್ಲ, ಪರೀಕ್ಷೆಯನ್ನು ಪುನಃ ಮಾಡಿಸಬೇಕು.

ಪೆನಿಸಿಲಿನ್, ಜೆಂಟಾಮೈಸಿನ್‌ನಂಥ ಔಷಧಿಗಳಿಗೆ ಈ ರೋಗಾಣು ಸಾಮಾನ್ಯವಾಗಿ ಬಗ್ಗುವುದಿಲ್ಲ. ಆಸ್ಪತ್ರೆಯಲ್ಲಿ ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ಔಷಧವನ್ನು ರಕ್ತನಾಳದ ಮೂಲಕ ಕನಿಷ್ಠ 10ರಿಂದ 14 ದಿನ ಕೊಡುತ್ತಾರೆ. ಕೀವು ಆಳದಲ್ಲಿದ್ದರೆ ಇನ್ನೂ ಹೆಚ್ಚು ಕಾಲ. ಅನಂತರ ಸುಮಾರು ಮೂರು ತಿಂಗಳು ಕೋ-ಟ್ರೈಮಾಕ್ಸಜೋಲ್ ಮಾತ್ರೆ. ಸಲ್ಫಾ ಔಷಧಿ ಒಗ್ಗದವರು ಮೊದಲೇ ಹೇಳಬೇಕು. ಜ್ವರ ಬಿಟ್ಟಿತೆಂದು ಒಂದೇ ತಿಂಗಳಿಗೆ ಮಾತ್ರೆ ನಿಲ್ಲಿಸುವುದು ಜೇಕಿನ ಎಲೆ ಕೊಯ್ದು ಗಡ್ಡೆಯನ್ನು ನೆಲದಲ್ಲಿ ಬಿಟ್ಟಂತೆ. ರೋಗ ಮರುಕಳಿಸುತ್ತದೆ.

ಒಪ್ಪಿಗೆ ಪಡೆದ ಲಸಿಕೆ ಇನ್ನೂ ಇಲ್ಲ. ಬೂಟು, ಕೈಗವಸು ತೊಟ್ಟು ಕೆಲಸ ಮಾಡಿರೆಂದು ಹೇಳುವುದು ಸುಲಭ. ನಾಟಿಯ ಕೆಸರಿನಲ್ಲಿ ಬೂಟು ಹೂತು ಹೋಗುವುದನ್ನು ನೀವೂ ಬಲ್ಲಿರಿ. ಆದರೂ ಮಧುಮೇಹವಿದ್ದವರಿಗೆ ಈ ವಿಷಯದಲ್ಲಿ ರಿಯಾಯಿತಿ ಇಲ್ಲ. ಅವರ ಪಾದಕ್ಕೆ ಗಾಯವಾದರೂ ಎಷ್ಟೋ ಸಲ ಅರಿವಿಗೆ ಬರುವುದಿಲ್ಲ. ಗದ್ದೆಗೆ ಇಳಿಯುವ ಮುನ್ನ ಮನೆಯವರಿಂದ ಅಂಗಾಲು ನೋಡಿಸಿಕೊಳ್ಳಲಿ. ಬಿರುಕೋ ಹುಣ್ಣೋ ಇದ್ದಲ್ಲಿ ಆ ವರ್ಷ ಬದುವಿನ ಮೇಲಿದ್ದು ಸಸಿಯ ಕಟ್ಟು ಎಸೆದುಕೊಡುವ ಕೆಲಸ ಅವರದಾಗಲಿ.