ಗ್ಯಾರೇಜ್ ಬಾಗಿಲಿಗೂ ಬೇಕು ಕೀಲೆಣ್ಣೆ

ನಮ್ಮ ಮನೆಗೆ ಎರಡು ಬಾಗಿಲು. ಒಂದು ಅಮ್ಮ ರಂಗೋಲಿ ಹಾಕುವ ಬಾಗಿಲು, ಇನ್ನೊಂದು ನಾವು ಓಡಾಡುವ ಬಾಗಿಲು. ಅಮೆರಿಕದ ಮಿಷಿಗನ್ ರಾಜ್ಯದ ನೋವೈ ಎಂಬ ಊರಿನಲ್ಲಿ ನಮ್ಮ ವಾಸ. ಇಲ್ಲಿ ಕಾರಿನಲ್ಲಿ ಬರುತ್ತೇವೆ, ಗ್ಯಾರೇಜಿನಲ್ಲಿ ಇಳಿಯುತ್ತೇವೆ, ಅಲ್ಲಿಂದಲೇ ಅಡುಗೆಮನೆಗೆ ಹೋಗುತ್ತೇವೆ. ಮುಂಬಾಗಿಲು ತೆರೆಯುವುದು ಪಾರ್ಸೆಲ್ ಬಂದಾಗ, ಇಲ್ಲವೇ ಹಬ್ಬಕ್ಕೆ ಯಾರಾದರೂ ಬಂದಾಗ ಮಾತ್ರ. ಕಳೆದ ವರ್ಷ ಮೇ ತಿಂಗಳಲ್ಲಿ ಹಾಸನದಿಂದ ಬಂದ ಅಮ್ಮ ಒಂದು ವಾರ ನೋಡಿ, "ನಾನು ಹಾಕಿದ ರಂಗೋಲಿ ತುಳಿಯೋರೂ ಇಲ್ಲ, ದಾಟೋರೂ ಇಲ್ಲ" ಅಂತ ಬೇಜಾರು ಮಾಡಿಕೊಂಡರು.

ಅಪ್ಪನ ಗಮನ ಹೋಗಿದ್ದು ಇನ್ನೊಂದು ಬಾಗಿಲಿನ ಮೇಲೆ. ಅವರು ಕೆಎಸ್‌ಆರ್‌ಟಿಸಿ ಡಿಪೋದ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಏರ್‌ಪೋರ್ಟಿನಿಂದ ಬಂದು ನಾನು ರಿಮೋಟ್ ಒತ್ತಿದೆ, ಬಾಗಿಲು ಎಂದಿನಂತೆ ಕಿರ್ರ್ ಎಂದು ಕಿರುಚುತ್ತಾ ಮೇಲೆದ್ದಿತು. ಅಪ್ಪ ಸೀಟ್ ಬೆಲ್ಟ್ ಕೂಡ ಬಿಚ್ಚಿರಲಿಲ್ಲ. "ಏನೋ ಇದು, ಬಾಗಿಲು ಹೀಗೆ ಕೂಗ್ತಿದೆ?" ಅಂದರು.

"ಚಳಿಗಾಲದಲ್ಲಿ ಇನ್ನೂ ಜಾಸ್ತಿ ಅಪ್ಪ. ಅಭ್ಯಾಸ ಆಗಿದೆ."

"ಅಭ್ಯಾಸ ಆಗಿರೋದು ನಿನಗೆ, ಬಾಗಿಲಿಗಲ್ಲ."

ನಾನು ನಕ್ಕು ಸುಮ್ಮನಾದೆ. ಎಂಜಿನಿಯರಿಂಗ್ ಓದಿದವನು ನಾನು, ಆದರೆ ಕಾಲೇಜು ಬಿಟ್ಟ ಮೇಲೆ ಸ್ಪ್ಯಾನರ್ ಹಿಡಿದಿದ್ದು ಕಡಿಮೆ. ಹಗಲೆಲ್ಲ ಕೋಡ್ ಬರೆಯೋದು, ಸರ್ವರ್ ಕೆಟ್ಟರೆ ಸರಿಮಾಡೋದು ನನ್ನ ಕೆಲಸ. ಬಾಗಿಲು ತೆರೆಯುತ್ತೆ, ಮುಚ್ಚುತ್ತೆ, ಇನ್ನೇನು ಬೇಕು ಅಂತ ಅಂದುಕೊಂಡಿದ್ದೆ.

ಜನವರಿಯಲ್ಲಿ ನಾನು ಮಾಡಿದ ಜಾಣತನ

ಅಪ್ಪನಿಗೆ ಹೇಳದೇ ಇದ್ದ ವಿಷಯ ಒಂದಿತ್ತು. ಅದೇ ವರ್ಷದ ಜನವರಿಯಲ್ಲಿ, ಹೊರಗೆ ಮೈನಸ್ 18 ಡಿಗ್ರಿ ಇದ್ದ ಒಂದು ಬೆಳಗ್ಗೆ, ಬಾಗಿಲು ಅರ್ಧ ಇಳಿದು ಮತ್ತೆ ಮೇಲಕ್ಕೆ ಹೋಯಿತು. ಇನ್ನೊಮ್ಮೆ ಒತ್ತಿದೆ, ಮತ್ತೆ ಅದೇ. ಆಫೀಸಿಗೆ ಹೊತ್ತಾಗಿತ್ತು. ನಮ್ಮದು ಹಳೆಯ ಮಾದರಿಯ ಓಪನರ್. ಅದರ ಬೆನ್ನಿನ ಮೇಲೆ ಎರಡು ಪುಟ್ಟ ತಿರುಪುಗಳಿವೆ. ಬಾಗಿಲನ್ನು ಎಷ್ಟು ಬಲದಿಂದ ಎತ್ತಬೇಕು, ಎಷ್ಟು ಬಲದಿಂದ ಇಳಿಸಬೇಕು ಎಂದು ನಿರ್ಧರಿಸುವ ತಿರುಪುಗಳು ಅವು. ಇಳಿಸುವ ಬಲದ ತಿರುಪನ್ನು ಸ್ವಲ್ಪ ತಿರುಗಿಸಿದೆ. ಸಾಲಲಿಲ್ಲ. ಇನ್ನೂ ಸ್ವಲ್ಪ ತಿರುಗಿಸಿದೆ. ಬಾಗಿಲು ಮುಚ್ಚಿತು! ಸಮಸ್ಯೆ ಮುಗಿಯಿತು ಅಂತ ಖುಷಿಯಾಗಿ ಆಫೀಸಿಗೆ ಹೋದೆ.

ಈಗ ಯೋಚಿಸಿದರೆ ನಾಚಿಕೆಯಾಗುತ್ತೆ. ಸರ್ವರ್ ಬಿಸಿಯಾಗಿದೆ ಅಂತ ಅಲರ್ಟ್ ಬಂದಾಗ, ಸರ್ವರನ್ನು ನೋಡದೆ ಅಲರ್ಟಿನ ಮಿತಿಯನ್ನೇ ಏರಿಸಿ ಅದರ ಬಾಯಿ ಮುಚ್ಚಿಸುವ ಹುಡುಗರಿಗೆ ನಾನು ಬೈಯುತ್ತೇನೆ. ಮನೆಯಲ್ಲಿ ನಾನೇ ಅದನ್ನು ಮಾಡಿದ್ದೆ.

ಹೂವಿಗಿಂತ ಮೊದಲು ಎಣ್ಣೆ

ಬೇಸಿಗೆ ಕಳೆದು ಆಯುಧಪೂಜೆ ಬಂತು. ಕಾರು, ಲ್ಯಾಪ್‌ಟಾಪ್, ಮಿಕ್ಸಿಗೆಲ್ಲ ಕುಂಕುಮ ಇಡೋಣ ಅಂತ ನಾನು ತಟ್ಟೆ ಹಿಡಿದು ಹೊರಟರೆ ಅಪ್ಪ ತಡೆದರು. "ಡಿಪೋದಲ್ಲಿ ಹಿಂದಿನ ದಿನವೇ ಬಸ್ಸು ತೊಳೆದು, ಗ್ರೀಸ್ ಹೊಡೆದು, ಆಮೇಲೆ ಬಾಳೆಕಂದು ಕಟ್ತಿದ್ವಿ. ಹೂ ಹಾಕೋ ಮೊದಲು ಎಣ್ಣೆ ಹಾಕು."

ಹಾಗೆ ಶುರುವಾಯಿತು ನಮ್ಮ ಕೆಲಸ. ಏಣಿ, ಬಟ್ಟೆ, ಟಾರ್ಚ್ ತಂದೆ. ಜೊತೆಗೆ ಮನೆಯಲ್ಲಿದ್ದ ಡಬ್ಲ್ಯೂಡಿ-40 ಡಬ್ಬಿಯನ್ನೂ ತಂದೆ. ಅಪ್ಪ ಅದನ್ನು ಬೆರಳಿಗೆ ಹಾಕಿಕೊಂಡು ಉಜ್ಜಿ ನೋಡಿದರು. "ಇದು ತುಕ್ಕು ಬಿಡಿಸೋಕೆ, ಕೊಳೆ ತೊಳೆಯೋಕೆ. ಕೀಲೆಣ್ಣೆ ಅಲ್ಲ" ಅಂದರು. ಆಮೇಲೆ ನೋಡಿದರೆ ಅದರ ಹೆಸರೇ ಅದನ್ನು ಹೇಳುತ್ತೆ: ನೀರನ್ನು ಹೊರದೂಡುವ ದ್ರವ, 40ನೆಯ ಪ್ರಯತ್ನ. ಅಂಗಡಿಗೆ ಹೋಗಿ ಗ್ಯಾರೇಜ್ ಬಾಗಿಲಿಗೆಂದೇ ಮಾರುವ ಲಿಥಿಯಂ ಗ್ರೀಸ್ ಸ್ಪ್ರೇ ತಂದೆ.

ಅಜ್ಜನ ಕಾಲದ ಎತ್ತಿನಗಾಡಿಯ ಕೆಳಗೆ ಒಂದು ಬಿದಿರಿನ ಗೊಟ್ಟ ತೂಗಾಡುತ್ತಿತ್ತಂತೆ. ಅದರಲ್ಲಿ ಹರಳೆಣ್ಣೆಗೆ ಮಸಿ ಕಲಸಿದ ಕೀಲೆಣ್ಣೆ. ಗಾಡಿ ಕಿರುಗುಟ್ಟಿದರೆ ಎತ್ತಿಗೆ ಭಾರ ಅಂತ ಅಜ್ಜ ಅಲ್ಲೇ ನಿಲ್ಲಿಸಿ ಹಚ್ಚುತ್ತಿದ್ದರಂತೆ. "ಶಬ್ದ ಕಿವಿಗೆ ಕಷ್ಟ ಅಂತಲ್ಲ, ಎಳೆಯೋರಿಗೆ ಕಷ್ಟ ಅಂತ ಎಣ್ಣೆ ಹಾಕೋದು" ಅಂದರು ಅಪ್ಪ.

ಮರದ ತುಂಡು ಹೇಳಿದ ಸತ್ಯ

ಎಣ್ಣೆ ಹಾಕುವ ಮೊದಲು ಬಾಗಿಲು ಈಗ ಹೇಗಿದೆ ನೋಡೋಣ ಅಂತ ಓಪನರಿನ ಕೈಪಿಡಿ ತೆಗೆದೆ. ಅದರಲ್ಲೊಂದು ಪರೀಕ್ಷೆ ಇತ್ತು. ಒಂದೂವರೆ ಇಂಚು ದಪ್ಪದ ಮರದ ತುಂಡನ್ನು ಬಾಗಿಲು ನೆಲಕ್ಕೆ ತಾಗುವ ಜಾಗದಲ್ಲಿ ಅಡ್ಡಲಾಗಿ ಮಲಗಿಸಿ, ಬಾಗಿಲನ್ನು ಇಳಿಸಬೇಕು. ಮರಕ್ಕೆ ತಾಗಿದ ಎರಡು ಸೆಕೆಂಡಿನೊಳಗೆ ಬಾಗಿಲು ತಾನಾಗಿ ಮೇಲೆ ಹೋಗಬೇಕು.

ನಮ್ಮ ಬಾಗಿಲು ಹೋಗಲಿಲ್ಲ. ಮರದ ಮೇಲೆ ಕೂತು ಒತ್ತಿತು. ಮೇಲೆ ಮೋಟರ್ ಗುಂಯ್ ಎಂದಿತು, ಬಾಗಿಲಿನ ಹಾಳೆ ಸ್ವಲ್ಪ ಬಾಗಿತು. ಆಮೇಲೆ ಮೋಟರ್ ನಿಂತಿತು, ಬಾಗಿಲು ಮಾತ್ರ ಹಾಗೇ ಒತ್ತಿಕೊಂಡೇ ಇತ್ತು.

ಅಪ್ಪ ಏನೂ ಹೇಳಲಿಲ್ಲ. ನನಗೆ ಮಾತ್ರ ಆಗಸ್ಟ್ ತಿಂಗಳ ಒಂದು ಸಂಜೆ ನೆನಪಾಯಿತು. ನಮ್ಮ ಮೂರು ವರ್ಷದ ಮಗಳು ಕಾರಿನಿಂದ ರಿಮೋಟ್ ತೆಗೆದುಕೊಂಡು, ಗುಂಡಿ ಒತ್ತಿ, ಇಳಿಯುತ್ತಿರುವ ಬಾಗಿಲಿನ ಕೆಳಗೆ ಬಗ್ಗಿ ಹೊರಗೆ ಓಡುವ ಆಟ ಆಡಿದ್ದಳು. "ರೈಲ್ವೆ ಗೇಟ್, ರೈಲ್ವೆ ಗೇಟ್" ಅಂತ ಕೂಗುತ್ತಾ. ನಾನು ಅದನ್ನು ನಗುತ್ತಾ ವಿಡಿಯೋ ಮಾಡಿ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದೆ. ಸೆನ್ಸರ್ ಇದೆಯಲ್ಲ ಅನ್ನೋ ಧೈರ್ಯ.

ಸೆನ್ಸರ್ ಇತ್ತು, ಕೆಲಸವನ್ನೂ ಮಾಡುತ್ತಿತ್ತು. ಬಾಗಿಲಿನ ಎರಡೂ ಬದಿ, ನೆಲದಿಂದ ಆರು ಇಂಚಿಗಿಂತ ಮೇಲಿಲ್ಲದಂತೆ ಕೂರಿಸಿದ ಎರಡು ಕಣ್ಣುಗಳು. ಆದರೆ ಅವು ಕಾಣುವುದು ಒಂದೇ ಒಂದು ಗೆರೆಯನ್ನು. ಗೆರೆ ದಾಟಿ ಮುಂದೆ ಹೋದವರನ್ನು, ಅದರ ಕೆಳಗೆ ಚಾಚಿದ ಕೈಯನ್ನು ಅವು ಕಾಣಲಾರವು. ಅದಕ್ಕೇ ಎರಡನೆಯ ರಕ್ಷಣೆಯಾಗಿ, ಏನಾದರೂ ತಾಗಿದರೆ ಹಿಂದಿರುಗುವ ಗುಣವನ್ನು ಯಂತ್ರಕ್ಕೆ ಕೊಟ್ಟಿರುವುದು. ವಿದ್ಯುತ್ ಓಪನರ್ 1926ರಲ್ಲೇ ಬಂದಿದ್ದರೂ, ಮಕ್ಕಳು ಬಾಗಿಲಿನ ಕೆಳಗೆ ಸಿಕ್ಕಿ ಸತ್ತ ಘಟನೆಗಳ ನಂತರ ಅಮೆರಿಕದಲ್ಲಿ ಕಾನೂನು ಬಿಗಿಯಾಯಿತು. 1993ರ ಜನವರಿ 1ರಿಂದ ತಯಾರಾಗುವ ಮನೆಬಳಕೆಯ ಓಪನರುಗಳಿಗೆ ಇಂಥ ರಕ್ಷಣೆ ಕಡ್ಡಾಯ. ಆ ರಕ್ಷಣೆಯಲ್ಲಿ ಒಂದನ್ನು ನಾನು ಒಂದು ಸ್ಕ್ರೂಡ್ರೈವರಿನಿಂದ, ಒಂದು ನಿಮಿಷದಲ್ಲಿ, ಆಫೀಸಿಗೆ ಲೇಟಾಗುತ್ತೆ ಅಂತ ಕಿತ್ತುಹಾಕಿದ್ದೆ.

ಎಣ್ಣೆಯ ವಿಷಯ ಇಷ್ಟೇ. ಎಣ್ಣೆ ಆರಿದರೆ ಬಾಗಿಲು ಬಿಗಿಯಾಗುತ್ತೆ. ಬಿಗಿಯಾದರೆ ಯಂತ್ರ ಏನೋ ತಡೆ ಇದೆ ಅಂದುಕೊಂಡು ಹಿಂದಿರುಗುತ್ತೆ. ಆಗ ನಮ್ಮಂಥವರು ಬಲ ಹೆಚ್ಚಿಸುತ್ತೇವೆ. ಬಲ ಹೆಚ್ಚಿದ ಮೇಲೆ ಬಿಗಿಯಾದ ರೋಲರಿಗೂ ಅಡ್ಡ ಬಂದ ಮಗುವಿಗೂ ಯಂತ್ರಕ್ಕೆ ವ್ಯತ್ಯಾಸ ತಿಳಿಯಲ್ಲ.

ನಾವು ಮಾಡಿದ ಕೆಲಸ

ಮೊದಲು ಬಾಗಿಲು ಮುಚ್ಚಿ, ಓಪನರಿನ ಪ್ಲಗ್ ಕಿತ್ತೆವು. ಬಾಗಿಲು ಓಡುವ ಹಳಿಗಳನ್ನು ಬಟ್ಟೆಯಿಂದ ಒರೆಸಿದೆವು. ಹಳಿಗೆ ಗ್ರೀಸ್ ಹಚ್ಚಬಾರದು. ಅಲ್ಲಿ ರೋಲರ್ ಉರುಳಬೇಕು, ಜಾರಬಾರದು. ಹಚ್ಚಿದರೆ ಧೂಳು ಅಂಟಿ ಇನ್ನಷ್ಟು ಬಿಗಿಯಾಗುತ್ತೆ.

ನಂತರ ಹಿಂಜುಗಳು ಮಡಚುವ ಜಾಗ, ರೋಲರಿನ ಒಳಗಿನ ಬೇರಿಂಗ್, ಮೇಲಿನ ಸ್ಪ್ರಿಂಗ್ ದಂಡದ ಎರಡು ತುದಿಯ ಬೇರಿಂಗ್, ಇವಕ್ಕೆ ಒಂದೊಂದು ಸಲ ಸ್ಪ್ರೇ ಹೊಡೆದೆವು. ರೋಲರ್ ನೈಲಾನಿನದಾದರೆ ನೈಲಾನ್ ಮೇಲೆ ಬೇಡ, ಬೇರಿಂಗಿಗೆ ಮಾತ್ರ. ಸ್ಪ್ರಿಂಗಿನ ಮೇಲೆ ಉದ್ದಕ್ಕೆ ತೆಳುವಾಗಿ ಹೊಡೆದು, ತೊಟ್ಟಿಕ್ಕಿದ್ದನ್ನು ಒರೆಸಿದೆವು. ನಮ್ಮ ಓಪನರಿನದು ಚೈನು, ಕೈಪಿಡಿ ಹೇಳಿದಷ್ಟೇ ಗ್ರೀಸ್ ಹಾಕಿದೆವು. ನಿಮ್ಮದು ಬೆಲ್ಟ್ ಆದರೆ ಅದಕ್ಕೆ ಗ್ರೀಸ್ ಬೇಡವೇ ಬೇಡ. ಬಾಗಿಲಿನ ಕೆಳಗಿನ ರಬ್ಬರ್ ಪಟ್ಟಿಗೆ ಸಿಲಿಕೋನ್ ಸ್ಪ್ರೇ ಹೊಡೆದರೆ ಚಳಿಗಾಲದಲ್ಲಿ ಅದು ನೆಲದ ಮಂಜುಗಡ್ಡೆಗೆ ಅಂಟಿಕೊಳ್ಳುವುದು ಕಡಿಮೆ. ಸೆನ್ಸರ್ ಕಣ್ಣಿನ ಜೇಡರ ಬಲೆಯನ್ನು ಮಗಳೇ ಒರೆಸಿದಳು.

ಎಲ್ಲ ಮುಗಿದ ಮೇಲೆ ಅಪ್ಪ ಕೆಂಪು ಹಿಡಿಕೆಯ ಹಗ್ಗ ಎಳೆಯಲು ಹೇಳಿದರು. ಅದನ್ನು ಎಳೆದರೆ ಬಾಗಿಲು ಮೋಟರಿನಿಂದ ಬಿಡುಗಡೆಯಾಗಿ ಕೈಯಲ್ಲೇ ಎತ್ತಬಹುದು. ಬಾಗಿಲು ಮುಚ್ಚಿರುವಾಗಲೇ ಎಳೆಯಬೇಕು, ಇಲ್ಲದಿದ್ದರೆ ಧಡಾರನೆ ಬಿದ್ದೀತು. ಎರಡು ಕಾರಿನ ಬಾಗಿಲಿನ ತೂಕ ಸುಮಾರು 70ರಿಂದ 100 ಕಿಲೋ. ಅಷ್ಟನ್ನು ಎತ್ತುವುದು ಮೋಟರ್ ಅಲ್ಲ, ಸ್ಪ್ರಿಂಗ್. ಬಾವಿಯ ಏತ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತೆ. ಆ ಕಡೆಯ ಕಲ್ಲಿನ ಭಾರದಿಂದ ಈ ಕಡೆ ತುಂಬಿದ ಬಾನಿ ಹಗುರವಾಗುವ ಹಾಗೆ. ಸ್ಪ್ರಿಂಗ್ ಸರಿಯಿದ್ದರೆ ಬಾಗಿಲನ್ನು ಅರ್ಧ ಎತ್ತಿ ಬಿಟ್ಟರೂ ಅಲ್ಲೇ ನಿಲ್ಲಬೇಕು.

ನಮ್ಮದು ನಿಧಾನವಾಗಿ ಕೆಳಗೆ ಜಾರಿತು. ಸಾಮಾನ್ಯ ಸ್ಪ್ರಿಂಗಿಗೆ ಸುಮಾರು 10,000 ಸಲ ತೆರೆದು ಮುಚ್ಚುವಷ್ಟು ಆಯಸ್ಸು. ದಿನಕ್ಕೆ ನಾಲ್ಕು ಸಲ ಅಂದರೆ ಏಳು ವರ್ಷದ ಒಳಗೇ ಮುಗಿಯಿತು. ನಮ್ಮ ಮನೆಗೆ ಒಂಬತ್ತು ವರ್ಷ.

ಅಪ್ಪ ಸ್ಪ್ರಿಂಗ್ ಬಿಚ್ಚುತ್ತಾರೆ ಅಂತ ನಾನು ಸ್ಪ್ಯಾನರ್ ತಂದುಕೊಟ್ಟೆ. ಅವರು ಮುಟ್ಟಲಿಲ್ಲ. "ಇದರಲ್ಲಿ ಬಾಗಿಲಿನಷ್ಟೂ ಬಲ ಸುತ್ತಿಟ್ಟಿದೆ. ಇದಕ್ಕೆ ಬೇಕಾದ ಸಲಾಕೆ ಬೇರೆ, ಪಳಗಿದ ಕೈ ಬೇರೆ. ಗೊತ್ತಿರೋರನ್ನ ಕರಿ." ಬದುಕಿಡೀ ರಿಪೇರಿ ಮಾಡಿದ ಮನುಷ್ಯ, ಇದು ನನ್ನ ಕೆಲಸವಲ್ಲ ಅಂತ ಹೇಳಿದ್ದನ್ನು ಮೊದಲ ಸಲ ಕೇಳಿದೆ. ಸ್ಪ್ರಿಂಗ್, ಅದರ ಕೇಬಲ್, ಬಾಗಿಲಿನ ತಳದ ಮೂಲೆಯ ಬ್ರಾಕೆಟ್, ಈ ಮೂರರ ತಿರುಪುಗಳನ್ನು ನೀವೂ ದಯವಿಟ್ಟು ಮುಟ್ಟಬೇಡಿ. ಎರಡು ದಿನದಲ್ಲಿ ತಂತ್ರಜ್ಞ ಬಂದು ಹೊಸ ಸ್ಪ್ರಿಂಗ್ ಹಾಕಿ ಹೋದ.

ಆಮೇಲೆ ನಾನು ಏಣಿ ಹತ್ತಿ, ಜನವರಿಯಲ್ಲಿ ತಿರುಗಿಸಿದ್ದ ತಿರುಪನ್ನು ಹಿಂದಕ್ಕೆ ತಿರುಗಿಸಿದೆ. ಅಪ್ಪ ಕೆಳಗೆ ಮರದ ತುಂಡು ಇಟ್ಟರು. ಬಾಗಿಲು ಇಳಿಯಿತು, ಮರಕ್ಕೆ ತಾಗಿತು, ತಕ್ಷಣ ಮೇಲೆ ಹೋಯಿತು. ಮೂರು ಸಲ ಮಾಡಿದೆವು, ಮೂರು ಸಲವೂ ಹೋಯಿತು. ಆಗ ನಿಂಬೆಹಣ್ಣು ಹೆಚ್ಚಿದೆವು. ಪೂಜೆ ಎರಡು ದಿನ ತಡವಾಗಿತ್ತು.

ನೆನಪಿಡಲು ಒಂದು ಪಂಚಾಂಗ

ವರ್ಷಕ್ಕೆ ಎರಡು ಸಲ ಎಣ್ಣೆ ಸಾಕು. ಚಳಿಗೆ ಮೊದಲು ಆಯುಧಪೂಜೆಗೆ, ಹಿಮ ಕರಗಿದ ಮೇಲೆ ಯುಗಾದಿಗೆ. ಸಂಬಳದ ದಿನಕ್ಕೊಮ್ಮೆ, ತಿಂಗಳಿಗೊಂದು ಸಲ, ಮರದ ತುಂಡಿನ ಪರೀಕ್ಷೆ. ಗೋಡೆಯ ಗುಂಡಿ ಮಕ್ಕಳ ಕೈಗೆ ಎಟುಕದಂತೆ ಐದು ಅಡಿ ಎತ್ತರದಲ್ಲಿರಲಿ. ರಿಮೋಟ್ ಆಟದ ಸಾಮಾನಲ್ಲ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಮೋಟರ್ ಗೇಟು, ಮೋಟರ್ ಶಟರ್ ಹಾಕಿಸಿಕೊಂಡವರೂ ಒಮ್ಮೆ ನೋಡಿ: ಅಡ್ಡ ಏನಾದರೂ ಬಂದರೆ ನಿಮ್ಮ ಗೇಟು ನಿಲ್ಲುತ್ತಾ? ಹಾಕಿದವರನ್ನು ಕರೆದು, ಎದುರಿಗೇ ಪರೀಕ್ಷೆ ಮಾಡಿಸಿ.

ಅಪ್ಪ ಅಮ್ಮ ಅಕ್ಟೋಬರ್ ಕೊನೆಗೆ ಊರಿಗೆ ಹೊರಟರು. ಆ ವಿಡಿಯೋವನ್ನು ನಾನು ಗುಂಪಿನಿಂದ ಅಳಿಸಿದ್ದೇನೆ. ಮಗಳಿಗೆ ಈಗ ಹೊಸ ಆಟ. ತಿಂಗಳಿಗೊಮ್ಮೆ ನಾನು ಮರದ ತುಂಡು ಇಟ್ಟಾಗ ದೂರದ ಮೆಟ್ಟಿಲ ಮೇಲೆ ಕೂತು ಕಾಯುತ್ತಾಳೆ. ಬಾಗಿಲು ಮೇಲೆ ಹೋದ ಕೂಡಲೇ ಹಾಸನಕ್ಕೆ ಫೋನ್: "ತಾತಾ, ಬಾಗಿಲು ಪಾಸ್!"