ಗಾಳಿ ನೋಡಿ ಕೂರು, ನೀರು ನೋಡಿ ಎಳೆ

ಮಲ್ಪೆಯಲ್ಲಿ ನಮ್ಮಪ್ಪ ದೋಣಿ ನೀರಿಗಿಳಿಸುವ ಮೊದಲು ಐದು ನಿಮಿಷ ಮರಳಿನ ಮೇಲೆ ಸುಮ್ಮನೆ ನಿಲ್ಲುತ್ತಿದ್ದರು. ನೀರಿನ ಬಣ್ಣ ಎಲ್ಲಿ ಬದಲಾಗಿದೆ, ಹಕ್ಕಿ ಎಲ್ಲಿ ಎರಗುತ್ತಿದೆ, ಗಾಳಿ ಯಾವ ಕಡೆಯದು ಎಂದು ನೋಡುತ್ತಿದ್ದರು. ಆ ಹೊತ್ತಿನಲ್ಲಿ ನಾವು ಮಕ್ಕಳು ಮಾತಾಡಿದರೆ ಗದರುತ್ತಿದ್ದರು. ಅಮೆರಿಕದ ಮಿಷಿಗನ್ ರಾಜ್ಯಕ್ಕೆ ನಾನು ಬಂದು 22 ವರ್ಷವಾಯಿತು. ಇಲ್ಲಿ ಬೇಸಿಗೆಯಲ್ಲಿ ಮಿಷಿಗನ್ ಸರೋವರದಲ್ಲಿ ಗಾಳ ಎಳೆಯುತ್ತೇನೆ, ನವೆಂಬರಿನಲ್ಲಿ ಜಿಂಕೆ ಬೇಟೆಗೆ ಕೂರುತ್ತೇನೆ. ಎರಡನ್ನೂ ಕಲಿಸಿದವರು ಕಾರು ಕಾರ್ಖಾನೆಯಿಂದ ನಿವೃತ್ತರಾದ ನೆರೆಮನೆಯ ಹಿರಿಯರು. ಮೊದಲ ದಿನ ಅವರು ಹೇಳಿದ್ದು, "ಸಾಮಾನು ಆಮೇಲೆ ಕೊಳ್ಳೋಣ, ಮೊದಲು ಗಾಳಿ ನೋಡುವುದನ್ನು ಕಲಿ." ಸಾವಿರಾರು ಮೈಲು ದೂರದಲ್ಲಿ ಅಪ್ಪನ ಪಾಠವೇ ಮತ್ತೆ ಸಿಕ್ಕಿತ್ತು.

ಊರಿಗೆ ಬಂದಾಗಲೆಲ್ಲ ಬಂಧುಗಳು ಕೇಳುತ್ತಾರೆ: ಜಿಂಕೆ ಹೊಡೆಯುತ್ತೀಯಂತೆ, ಪಾಪ ಅನ್ನಿಸುವುದಿಲ್ಲವೇ? ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ, ಅದು ಹಾಗೇ ಇರಬೇಕು. ಬಂಡೀಪುರದ ಜಿಂಕೆಗೆ ಹುಲಿ, ಚಿರತೆ, ಕೆನ್ನಾಯಿ ಇವೆ. ನಾನಿರುವ ಕಡೆ ತೋಳವನ್ನು ವಲಸೆಗಾರರು ಎಂದೋ ಅಳಿಸಿಬಿಟ್ಟರು. ಬಿಳಿಬಾಲದ ಜಿಂಕೆಯನ್ನೂ ಮಾರುಕಟ್ಟೆಗಾಗಿ ಹೊಡೆದು ಹೊಡೆದು, 20ನೇ ಶತಮಾನದ ಆರಂಭಕ್ಕೆ ಇಡೀ ಅಮೆರಿಕದಲ್ಲಿ ಅಂದಾಜು ಐದು ಲಕ್ಷ ಉಳಿದಿದ್ದವು. ಆಮೇಲೆ ಕಾಯ್ದೆಗಳು ಬಂದವು. ಕಾಡುಪ್ರಾಣಿಯ ಮಾಂಸ ಮಾರುವುದು ನಿಂತಿತು. 1937ರಲ್ಲಿ ಬಂದೂಕು ಮತ್ತು ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಕೆಲಸಕ್ಕೇ ಮೀಸಲಿಡುವ ಕಾನೂನು ಆಯಿತು. 1950ರಲ್ಲಿ ಮೀನು ಹಿಡಿಯುವ ಸಾಮಾನಿಗೂ ಅಂಥದ್ದೇ ಬಂತು. ಇಂದು ಜಿಂಕೆಗಳು ಸುಮಾರು ಮೂರು ಕೋಟಿ. ಮಿಷಿಗನ್ ಒಂದರಲ್ಲೇ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ವಾಹನಗಳು ಜಿಂಕೆಗೆ ಡಿಕ್ಕಿ ಹೊಡೆಯುತ್ತವೆ. ತೋಳವಿಲ್ಲದ ಕಾಡಿನಲ್ಲಿ ಲೆಕ್ಕ ಹಿಡಿಯುವ ಕೆಲಸದ ದೊಡ್ಡ ಪಾಲು ಪರವಾನಗಿ ಪಡೆದ ಬೇಟೆಗಾರನ ಮೇಲೆ ಬಿದ್ದಿದೆ.

ಸರೋವರದಲ್ಲಿ ಗಾಳ ಎಳೆಯುವುದು

ನಮ್ಮ ಕರಾವಳಿಯಲ್ಲಿ ಟ್ರಾಲಿಂಗ್ ಎಂದರೆ ಬೋಟು ಕಡಲ ತಳದಲ್ಲಿ ಬಲೆ ಎಳೆಯುವುದು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಅದಕ್ಕೆ ರಜೆ. ಇಲ್ಲಿಯ ಟ್ರೋಲಿಂಗ್ ಬೇರೆ. ಬಲೆಯ ಮಾತೇ ಇಲ್ಲ. ನಿಧಾನವಾಗಿ ಸಾಗುವ ದೋಣಿಯ ಹಿಂದೆ ನಾಲ್ಕಾರು ಗಾಳ, ಗಾಳದ ತುದಿಯಲ್ಲಿ ಮರಿಮೀನಿನಂತೆ ಹೊರಳುವ ತಗಡಿನ ಸ್ಪೂನು. ಅಂಜಲ್ ಮೀನಿಗೆ ಅಪ್ಪ ದೋಣಿಯಿಂದ ಗಾಳ ಎಳೆಯುತ್ತಿದ್ದರಲ್ಲ, ಅದೇ ಜಾತಿಯ ಕೆಲಸ.

ಮಿಷಿಗನ್ ಸರೋವರವನ್ನು ಕೆರೆ ಎಂದುಕೊಳ್ಳಬೇಡಿ. ಸುಮಾರು 58 ಸಾವಿರ ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ವಿಸ್ತೀರ್ಣದ ಹತ್ತರಲ್ಲಿ ಮೂರು ಪಾಲು. ಅತಿ ಆಳದ ಜಾಗದಲ್ಲಿ 281 ಮೀಟರ್. ಇಲ್ಲಿ ನಾವು ಹಿಡಿಯುವ ಸಾಲ್ಮನ್ ಈ ನೀರಿನ ಮೂಲದ್ದಲ್ಲ. ಕಾಲುವೆಗಳ ದಾರಿಯಲ್ಲಿ ಒಳನುಗ್ಗಿದ ರಕ್ತ ಹೀರುವ ಲ್ಯಾಂಪ್ರೆ ಇಲ್ಲಿಯ ಲೇಕ್ ಟ್ರೌಟ್ ಮೀನನ್ನು ಬಹುತೇಕ ಮುಗಿಸಿತ್ತು. ತಿನ್ನುವವರಿಲ್ಲದೆ ಎಲ್‌ವೈಫ್ ಎಂಬ ಸಣ್ಣ ಮೀನು ಮಿತಿಮೀರಿ, 1967ರಲ್ಲಿ ಸತ್ತು ದಡದ ತುಂಬ ರಾಶಿ ಬಿತ್ತು. ಹೀಗೆ ಹೆಚ್ಚುತ್ತಿದ್ದ ಎಲ್‌ವೈಫ್ ತಿನ್ನಲೆಂದೇ, ಆ ರಾಶಿ ಬೀಳುವ ಮೊದಲೇ, 1966ರಲ್ಲಿ ಕೋಹೊ, ಮರುವರ್ಷ ಚಿನುಕ್ ಎಂಬ ಪೆಸಿಫಿಕ್ ಸಾಗರದ ಸಾಲ್ಮನ್ ಮರಿಗಳನ್ನು ನದಿಗಳಿಗೆ ಬಿಟ್ಟರು. ಇವತ್ತಿಗೂ ಎಲ್‌ವೈಫ್ ಇದ್ದಲ್ಲಿ ಸಾಲ್ಮನ್. ಹಾಗಾಗಿ ಹಿರಿಯರು ಮೊದಲು ಮೀನು ಶೋಧಕ ಯಂತ್ರದ ಪರದೆಯಲ್ಲಿ ಎಲ್‌ವೈಫ್ ಹಿಂಡಿನ ಮೋಡ ಹುಡುಕುತ್ತಾರೆ, ಆಮೇಲೆ ಗಾಳ ಬಿಡುತ್ತಾರೆ.

ಎರಡನೆಯದು ಉಷ್ಣತೆ. ಜುಲೈನಲ್ಲಿ ಮೇಲಿನ ನೀರು 20 ಡಿಗ್ರಿ ಇದ್ದರೂ ಕೆಳಗೆ ಒಂದು ಹಂತದಲ್ಲಿ ತಟ್ಟನೆ ತಣ್ಣಗಾಗುತ್ತದೆ. ಚಿನುಕ್‌ಗೆ ಹಿತವಾದದ್ದು 10ರಿಂದ 13 ಡಿಗ್ರಿ. ಲೇಕ್ ಟ್ರೌಟ್‌ಗೆ ಇನ್ನೂ ತಂಪು ಬೇಕು, ತಳದ ಹತ್ತಿರ ಓಡಾಡುತ್ತದೆ. ಹಾಗಾಗಿ 'ಎಷ್ಟು ಆಳ' ಎಂಬ ಪ್ರಶ್ನೆಗೆ ಉತ್ತರ ದಿನದಿನಕ್ಕೂ ಬೇರೆ. ಬಡಗಣ ಗಾಳಿ ಎರಡು ದಿನ ಬೀಸಿದರೆ ನಮ್ಮ ದಡದ ಬೆಚ್ಚಗಿನ ಮೇಲ್ನೀರು ಒಳಸರೋವರಕ್ಕೆ ಸರಿದು, ತಳದ ತಣ್ಣೀರು ದಡದ ಬಳಿ ಮೇಲೆದ್ದು ಬರುತ್ತದೆ. ಆಗ ಮೀನೂ ಹತ್ತಿರ. ಮಳೆಗಾಲದ ಗಾಳಿಗೆ ಅರಬ್ಬೀ ಸಮುದ್ರದ ತಳನೀರು ಮೇಲೆ ಬಂದು ಬೂತಾಯಿಗೆ ಮೇವು ಒದಗಿಸುವುದೂ ಇದೇ ರೀತಿ. ಇದನ್ನು ತಿಳಿದ ದಿನ ಅಪ್ಪ ಬಹಳ ನೆನಪಾದರು.

ಬೇಕಾದ ಆಳಕ್ಕೆ ಸ್ಪೂನು ಇಳಿಸಲು ಡೌನ್‌ರಿಗ್ಗರ್ ಎಂಬ ರಾಟೆ ಇದೆ. ಉಕ್ಕಿನ ತಂತಿಯ ತುದಿಯಲ್ಲಿ ನಾಲ್ಕೈದು ಕಿಲೋ ತೂಕದ ಗುಂಡು, ಅದಕ್ಕೆ ಚಿಮಟದಂಥ ಕ್ಲಿಪ್ಪು. ಗಾಳದ ದಾರವನ್ನು ಕ್ಲಿಪ್ಪಿಗೆ ಸಿಕ್ಕಿಸಿ ಗುಂಡನ್ನು ಇಳಿಸಿ, ಕೋಲು ಬಿಲ್ಲಿನಂತೆ ಬಾಗುವಷ್ಟು ದಾರ ಬಿಗಿ ಮಾಡಿ. ಮೀನು ಕಚ್ಚಿದಾಗ ದಾರ ಕ್ಲಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ, ಕೋಲು ಒಮ್ಮೆ ನೆಟ್ಟಗಾಗಿ ಮತ್ತೆ ಬಾಗುತ್ತದೆ. ನಸುಕಿನಲ್ಲಿ ಹತ್ತು ಹದಿನೈದು ಮೀಟರಿನಲ್ಲಿ ಶುರು ಮಾಡಿ, ಬಿಸಿಲು ಏರಿದಂತೆ ಇಳಿಸುತ್ತ ಹೋಗಿ. ಕತ್ತಲಿರುವಾಗ ಮಿನುಗುವ ಸ್ಪೂನು, ಬಿಸಿಲು ಬಂದ ಮೇಲೆ ಬೆಳ್ಳಿ, ನೀಲಿ, ಹಸಿರು. ಆಳದಲ್ಲಿ ಎಲ್ಲಕ್ಕಿಂತ ಮೊದಲು ಕಾಣದಾಗುವುದು ಕೆಂಪು.

ವೇಗ ಸಾಲ್ಮನ್‌ಗೆ ಗಂಟೆಗೆ ಮೂರರಿಂದ ಐದು ಕಿಲೋಮೀಟರ್, ಟ್ರೌಟ್‌ಗೆ ಇನ್ನೂ ನಿಧಾನ. ಜಿಪಿಎಸ್ ತೋರಿಸುವುದು ದೋಣಿಯ ವೇಗ. ಕೆಳಗಿನ ಸೆಳೆತದಲ್ಲಿ ಸ್ಪೂನಿನ ವೇಗ ಬೇರೆಯೇ ಇರಬಹುದು. ಇದಕ್ಕೆ ಹಿರಿಯರ ಉಪಾಯವೆಂದರೆ ನೇರ ಹೋಗದೆ ಹಾವಿನಂತೆ ಬಳುಕುತ್ತ ಹೋಗುವುದು. ತಿರುವಿನಲ್ಲಿ ಹೊರಮಗ್ಗುಲಿನ ಗಾಳ ಚುರುಕಾಗುತ್ತದೆ, ಒಳಮಗ್ಗುಲಿನದು ನಿಧಾನವಾಗುತ್ತದೆ. ಹೊರಗಿನ ಗಾಳಕ್ಕೆ ಮೀನು ಬಿದ್ದರೆ ವೇಗ ಹೆಚ್ಚಿಸಿ, ಒಳಗಿನದಕ್ಕೆ ಬಿದ್ದರೆ ತಗ್ಗಿಸಿ. ಇಷ್ಟು ಸರಳವಾದ, ಇಷ್ಟು ಉಪಯೋಗಕ್ಕೆ ಬರುವ ಇನ್ನೊಂದು ಕಿವಿಮಾತು ನನಗೆ ಸಿಕ್ಕಿಲ್ಲ.

ಕಚ್ಚಿದ ಮೇಲೆ ಅವಸರ ಬೇಡ. ರೀಲಿನ ಬಿಗಿತ ದಾರದ ತಾಳಿಕೆಯ ಕಾಲು ಭಾಗದಷ್ಟಿರಲಿ, ಮೀನು ಓಡುವಾಗ ಓಡಲು ಬಿಡಿ. ದೋಣಿ ನಿಲ್ಲಿಸಬೇಡಿ, ದಾರ ಸಡಿಲವಾದರೆ ಕೊಕ್ಕೆ ಕಳಚುತ್ತದೆ. ಕೈಬಲೆಯನ್ನು ನೀರಿನಲ್ಲಿ ಹಿಡಿದು ಮೀನಿನ ತಲೆಯನ್ನು ಅದರೊಳಕ್ಕೆ ತನ್ನಿ. ಬಾಲದ ಹಿಂದೆ ಬಲೆ ಓಡಿಸಿದರೆ ಮೀನು ಹೋದಂತೆಯೇ. ಜೀವರಕ್ಷಕ ಜಾಕೆಟ್ ಮೈಮೇಲೇ ಇರಲಿ, ಸೀಟಿನಡಿ ಬೇಡ. ಮೇ ತಿಂಗಳ ನೀರಿಗೆ ಬಿದ್ದರೆ ಚಳಿಯ ಹೊಡೆತಕ್ಕೆ ಉಸಿರು ಏದುತ್ತದೆ, ಬಾಯಿಗೆ ನೀರು ನುಗ್ಗುತ್ತದೆ. ಎಷ್ಟು ಒಳ್ಳೆಯ ಈಜುಗಾರನಾದರೂ ಆ ಮೊದಲ ನಿಮಿಷ ಅವನ ಕೈಯಲ್ಲಿರುವುದಿಲ್ಲ.

ಜಿಂಕೆಯ ಮೂಗಿನ ಎದುರು

ಮಿಷಿಗನ್‌ನಲ್ಲಿ ಬಂದೂಕಿನ ಜಿಂಕೆ ಬೇಟೆ ನವೆಂಬರ್ 15ಕ್ಕೆ ಆರಂಭ, 30ಕ್ಕೆ ಮುಕ್ತಾಯ. ಯಾವ ವಾರ ಬಂದರೂ ಅದೇ ತಾರೀಕು. 1960ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ಸುರಕ್ಷತೆಯ ತರಬೇತಿ ಮುಗಿಸಿರಬೇಕು. ಕೆಲಸದ ವೀಸಾದಲ್ಲಿರುವ ನಮ್ಮವರಿಗೆ ಇನ್ನೊಂದು ಮಾತು: ವೀಸಾದಲ್ಲಿ ಬಂದವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಊರ್ಜಿತವಾದ ಬೇಟೆ ಪರವಾನಗಿ ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು. ಗೆಳೆಯನ ಬಂದೂಕನ್ನು ಕೈಗೆತ್ತಿಕೊಳ್ಳುವ ಮೊದಲೇ ಇದನ್ನು ವಿಚಾರಿಸಿಕೊಳ್ಳಿ.

ಬೇಟೆ ಅಕ್ಟೋಬರಿನಲ್ಲೇ ಶುರು, ಬಂದೂಕಿಲ್ಲದೆ. ಓಕ್ ಮರದ ಕಾಯಿ ಎಲ್ಲಿ ಉದುರಿದೆ, ಗಂಡು ಜಿಂಕೆ ಕೊಂಬು ಉಜ್ಜಿ ಯಾವ ಗಿಡದ ತೊಗಟೆ ಸುಲಿದಿದೆ, ಗೊರಸಿನಿಂದ ನೆಲ ಕೆರೆದ ಗುರುತು ಎಲ್ಲಿದೆ ಎಂದು ನೋಡಿಕೊಂಡು ಬರಬೇಕು. ನವೆಂಬರ್ ಅವುಗಳ ಬೆದೆಯ ಕಾಲ. ಇಡೀ ವರ್ಷ ಹುಷಾರಾಗಿದ್ದ ಗಂಡು ಆಗ ಹಗಲಲ್ಲೂ ಓಡಾಡುತ್ತದೆ.

ಕೂರುವ ಜಾಗವನ್ನು ತೀರ್ಮಾನಿಸುವುದು ಗಾಳಿ. ಜಿಂಕೆಯ ಕಣ್ಣನ್ನು ತಪ್ಪಿಸಬಹುದು, ಮೂಗನ್ನು ತಪ್ಪಿಸಲಾಗದು. ಜಿಂಕೆ ಬರುವ ಕಡೆಯಿಂದ ನಿಮ್ಮ ಮುಖಕ್ಕೆ ಗಾಳಿ ಬೀಸುತ್ತಿರಬೇಕು. ಗಾಳಿ ನಿಂತ ದಿನವೂ ವಾಸನೆ ನಿಂತಿರುವುದಿಲ್ಲ. ಬೆಳಿಗ್ಗೆ ಬಿಸಿಲಿಗೆ ಕಾದ ಗಾಳಿ ದಿಬ್ಬ ಹತ್ತುತ್ತದೆ, ಸಂಜೆ ತಣ್ಣಗಾಗಿ ಇಳಿಜಾರಿಗೆ ಇಳಿಯುತ್ತದೆ. ಅದಕ್ಕೇ ಹಿರಿಯರು ಬೆಳಿಗ್ಗೆ ಜಿಂಕೆದಾರಿಯ ಮೇಲ್ಗಡೆ, ಸಂಜೆ ಕೆಳಗಡೆ ಕೂರುತ್ತಾರೆ. ಗಾಳಿ ತಿಳಿಯಲು ಜೇಬಿನಲ್ಲಿ ಟಾಲ್ಕಂ ಪೌಡರಿನ ಪುಟ್ಟ ಡಬ್ಬಿ; ಚಿಟಿಕೆ ಊದಿದರೆ ಸಾಕು.

ಮರದ ಮೇಲಿನ ಅಟ್ಟಣೆ ಹತ್ತುವವರು ಪೂರ್ತಿ ಮೈಗೆ ಕಟ್ಟುವ ಬೆಲ್ಟು ಹಾಕಿಕೊಂಡೇ ಹತ್ತಬೇಕು. ಬಂದೂಕನ್ನು ತೋಟಾ ತೆಗೆದು ಕೆಳಗಿಟ್ಟು, ಮೇಲೆ ಕೂತ ಮೇಲೆ ಹಗ್ಗದಿಂದ ಎಳೆದುಕೊಳ್ಳಬೇಕು. ಎದ್ದು ಕಾಣುವ ಕಿತ್ತಳೆ ಬಣ್ಣದ ಉಡುಪು ಇಲ್ಲಿ ಕಾನೂನು. ಜಿಂಕೆಗೆ ಆ ಬಣ್ಣ ನಮಗೆ ಕಂಡಂತೆ ಕಾಣುವುದಿಲ್ಲ, ಇನ್ನೊಬ್ಬ ಬೇಟೆಗಾರನಿಗೆ ಕಾಣುತ್ತದೆ. ಜಿಂಕೆಯ ಹಿಂದೆ ಏನಿದೆ ಎಂದು ಖಾತ್ರಿಯಿಲ್ಲದಿದ್ದರೆ ಬೆರಳು ಬಂದೂಕಿನ ಕುದುರೆಯ ಹತ್ತಿರವೂ ಹೋಗಬಾರದು. ಗುರಿ ಒಂದೇ: ಜಿಂಕೆ ಅಡ್ಡಲಾಗಿ ನಿಂತಿರುವಾಗ ಮುಂಗಾಲಿನ ಹಿಂದೆ, ಹೃದಯ ಮತ್ತು ಶ್ವಾಸಕೋಶ ಇರುವ ಜಾಗ. ಎದುರು ಮುಖ, ಹಿಂಭಾಗ, ಓಡುತ್ತಿರುವ ಜಿಂಕೆ ಇವು ಬಿಡಬೇಕಾದವು.

ನನ್ನ ಎರಡನೇ ವರ್ಷ

ಎರಡನೇ ವರ್ಷದ ಒಂದು ಸಂಜೆ, ಸ್ವಲ್ಪ ಓರೆಯಾಗಿ ನಿಂತಿದ್ದ ಗಂಡಿಗೆ ನಾನು ಗುಂಡು ಹಾರಿಸಿದೆ. ಜಿಂಕೆ ಬೆನ್ನು ಬಗ್ಗಿಸಿ, ನಿಧಾನವಾಗಿ ಪೊದೆಯೊಳಗೆ ನಡೆದುಹೋಯಿತು. ಹತ್ತು ನಿಮಿಷವೂ ಕಾಯದೆ ಇಳಿದು ಹಿಂದೆ ಹೋದೆ. ಎಲೆಯ ಮೇಲಿನ ರಕ್ತ ಹಸಿರುಮಿಶ್ರಿತವಾಗಿತ್ತು, ವಾಸನೆಯಿತ್ತು. ಎಂಬತ್ತು ಹೆಜ್ಜೆ ಆಚೆ ಮಲಗಿದ್ದ ಜಿಂಕೆ ನನ್ನ ಸದ್ದಿಗೆ ಎದ್ದು ಓಡಿತು. ಹಿಮ ಬೀಳತೊಡಗಿತು. ಮರುದಿನ ಹಿರಿಯರೂ ನಾನೂ ನಾಲ್ಕು ಗಂಟೆ ಸಾಲುಸಾಲಾಗಿ ಕಾಡು ಸೋಸಿದೆವು. ಸಿಗಲಿಲ್ಲ. ಅವರು ಬೈಯಲಿಲ್ಲ. "ಹೊಟ್ಟೆಗೆ ಬಿದ್ದ ಜಿಂಕೆಯನ್ನು ಎಂಟು ಗಂಟೆ ಬಿಡಬೇಕಿತ್ತು. ಬೆನ್ನಟ್ಟದಿದ್ದರೆ ಅದು ಅಲ್ಲೇ ಮಲಗಿ ಪ್ರಾಣ ಬಿಡುತ್ತಿತ್ತು" ಎಂದರು. ಆ ವರ್ಷ ಉಳಿದ ದಿನ ನಾನು ಬಂದೂಕು ಮುಟ್ಟಲಿಲ್ಲ.

ಆದ್ದರಿಂದ ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಗುಂಡು ಹಾರಿದ ಮೇಲೆ ಜಿಂಕೆ ನಿಂತಿದ್ದ ಜಾಗವನ್ನೂ ಕೊನೆಗೆ ಕಂಡ ಮರವನ್ನೂ ಕಣ್ಣಲ್ಲಿ ಗುರುತಿಟ್ಟುಕೊಳ್ಳಿ. ಅರ್ಧ ಗಂಟೆ ಅಲ್ಲಾಡಬೇಡಿ. ನೊರೆನೊರೆಯಾದ ತಿಳಿಗೆಂಪು ರಕ್ತ ಶ್ವಾಸಕೋಶದ್ದು, ಜಿಂಕೆ ಹತ್ತಿರದಲ್ಲೇ ಬಿದ್ದಿರುತ್ತದೆ. ಕಡುಗೆಂಪು ಯಕೃತ್ತಿನದು, ಕೆಲವು ಗಂಟೆ ಕಾಯಿರಿ. ಹಸಿರು ಕಂಡರೆ ಸದ್ದಿಲ್ಲದೆ ಹಿಂದಿರುಗಿ, ಎಂಟು ಗಂಟೆ ಬಿಟ್ಟು ಬನ್ನಿ.

ಅಡುಗೆಮನೆಯ ತನಕ

ಜಿಂಕೆ ಸಿಕ್ಕ ಕೂಡಲೇ ಪರವಾನಗಿಯ ಚೀಟಿ ಕಟ್ಟಬೇಕು. 72 ಗಂಟೆಯೊಳಗೆ ಇಲಾಖೆಗೆ ವರದಿ ಮಾಡಬೇಕು, 2022ರಿಂದ ಇದು ಕಡ್ಡಾಯ. ಕರುಳು ತೆಗೆದು ಮೈಯ ಬಿಸಿ ಬೇಗ ಇಳಿಸಿ. ಮಾಂಸ ಕೆಡುವುದಕ್ಕೆ ಮೊದಲ ಕಾರಣ ತಡ. ಗುಂಡು ಬಿದ್ದ ಜಾಗದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ಎಸೆಯಿರಿ, ಕಣ್ಣಿಗೆ ಕಾಣದ ಸೀಸದ ಚೂರುಗಳು ದೂರದವರೆಗೂ ಹರಡಿರುತ್ತವೆ. ಜಿಂಕೆಗಳ ಮಿದುಳನ್ನು ತಿನ್ನುವ ಸಿಡಬ್ಲ್ಯುಡಿ ಎಂಬ ರೋಗ ಮಿಷಿಗನ್‌ನ ಕಾಡುಜಿಂಕೆಗಳಲ್ಲಿ 2015ರಲ್ಲಿ ಪತ್ತೆಯಾಯಿತು. ಮನುಷ್ಯರಿಗೆ ತಗುಲಿದ ಖಚಿತ ಉದಾಹರಣೆ ಇಲ್ಲದಿದ್ದರೂ, ರೋಗವಿರುವ ಜಿಲ್ಲೆಯ ಜಿಂಕೆಯನ್ನು ಪರೀಕ್ಷೆ ಮಾಡಿಸದೆ ಒಲೆಗೇರಿಸಬೇಡಿ.

ಮೀನಿಗೂ ಎಚ್ಚರ ಬೇಕು. ದೊಡ್ಡ ಸಾಲ್ಮನ್, ಟ್ರೌಟ್‌ಗಳ ಕೊಬ್ಬಿನಲ್ಲಿ ಹಳೆಯ ಕಾರ್ಖಾನೆಗಳ ಪಿಸಿಬಿ ರಾಸಾಯನಿಕ ಸೇರಿಕೊಂಡಿರುತ್ತದೆ. ಚರ್ಮ ಸುಲಿದು, ಬೆನ್ನಿನ ಮತ್ತು ಹೊಟ್ಟೆಯ ಕೊಬ್ಬು ತೆಗೆದರೆ ಅದು ಕಡಿಮೆಯಾಗುತ್ತದೆ. ಪಾದರಸ ಹಾಗಲ್ಲ, ಅದು ಮಾಂಸದಲ್ಲೇ ಇರುತ್ತದೆ. ಬಸುರಿಯರೂ ಮಕ್ಕಳೂ ಎಷ್ಟು ತಿನ್ನಬಹುದೆಂದು ರಾಜ್ಯದ ಆರೋಗ್ಯ ಇಲಾಖೆ ಪ್ರಕಟಿಸುವ ಪಟ್ಟಿಯನ್ನು ನೋಡಿಯೇ ಬಡಿಸಿ. ನಮ್ಮ ಮನೆಯಲ್ಲಿ ಟ್ರೌಟ್‌ಗೆ ಹುಳಿ ಮುಂದಾದ ಗಸಿ, ಜಿಂಕೆಗೆ ಕುಂದಾಪುರದ ಮಸಾಲೆಯ ಸುಕ್ಕ. ಒಂದು ಪಾಲು ಪ್ರತಿವರ್ಷ ಹಿರಿಯರ ಮನೆಗೆ.

ಈ ದೇಶಕ್ಕೆ ಓದಲು, ದುಡಿಯಲು ಬರುವ ನಮ್ಮ ಹುಡುಗ ಹುಡುಗಿಯರಿಗೆ ನನ್ನದು ಒಂದೇ ಕೋರಿಕೆ. ಬಂದೂಕು ಕೊಳ್ಳುವ ಮೊದಲು ಒಂದು ಇಡೀ ನವೆಂಬರ್, ಬಲ್ಲವರೊಬ್ಬರ ಪಕ್ಕದಲ್ಲಿ ಬರಿಗೈಯಲ್ಲಿ ಕೂತು ಬನ್ನಿ. ಗಾಳಿ ತಿರುಗುವುದನ್ನೂ ಜಿಂಕೆ ತಲೆಯೆತ್ತಿ ಮೂಸುವುದನ್ನೂ ನೋಡಿ. ನಾನು ಆ ಒಂದು ವರ್ಷ ಕಾದಿದ್ದರೆ, ಒಂದು ಜಿಂಕೆ ನನ್ನಿಂದಾಗಿ ನರಳಿ ಸಾಯುತ್ತಿರಲಿಲ್ಲ.