ಉದ್ಯೋಗ ಮಾರ್ಗದರ್ಶನ ಶಿಬಿರಗಳನ್ನು ಫಲಕಾರಿಯಾಗಿ ನಡೆಸುವ ಕ್ರಮ

ಪರೀಕ್ಷೆಗಳ ಫಲಿತಾಂಶವು ಪ್ರಕಟವಾದ ಮೇಲೆ ಪ್ರತಿಯೊಂದು ಗ್ರಾಮದಲ್ಲಿಯೂ ಎರಡು ಬಗೆಯ ಮನೆಗಳು ಕಂಡುಬರುತ್ತವೆ. ಒಂದು ಮನೆಯಲ್ಲಿ, ಮಕ್ಕಳು ಮುಂದೆ ಏನನ್ನು ಓದಬೇಕೆಂಬುದು ತೋರದೆ ತಂದೆತಾಯಿಗಳು ಕಂಡಕಂಡವರನ್ನೆಲ್ಲ ವಿಚಾರಿಸುತ್ತಿರುತ್ತಾರೆ. ಮತ್ತೊಂದು ಮನೆಯಲ್ಲಿ, ಪದವಿಯನ್ನು ಪಡೆದು ಎರಡು ಮೂರು ವರ್ಷಗಳು ಕಳೆದ ತರುಣನು ನೌಕರಿಯೂ ದೊರೆಯದೆ, ಬೇಸಾಯಕ್ಕೂ ಕೈಹಾಕದೆ, ನಾಲ್ಕು ಜನರೆದುರಿಗೆ ಬರಲು ಸಂಕೋಚಪಟ್ಟು ಒಳಗೆ ಕುಳಿತಿರುತ್ತಾನೆ. ಅವನ ವ್ಯಾಸಂಗಕ್ಕಾಗಿ ಮಾಡಿದ ಸಾಲಕ್ಕೆ ಬಡ್ಡಿ ಬೆಳೆಯುತ್ತಿರುತ್ತದೆ. ಜಮೀನು ವಯಸ್ಸಾದ ತಂದೆಯ ಕೈಯಲ್ಲಿ ವರ್ಷದಿಂದ ವರ್ಷಕ್ಕೆ ಸೊರಗುತ್ತಿರುತ್ತದೆ. ನೌಕರಿಯನ್ನು ಕೊಡಿಸುವೆನೆಂದು ಹೇಳುವ ದಲ್ಲಾಳಿಯು ಬಾಗಿಲಿಗೆ ಬರುವುದು ಇಂತಹ ಸಮಯದಲ್ಲಿಯೇ. ಅವನ ಮಾತನ್ನು ನಂಬಿ ಒಂದೆರಡು ಎಕರೆ ಭೂಮಿಯನ್ನು ಮಾರಿ ಹಣವನ್ನು ಕಳೆದುಕೊಂಡ ಕುಟುಂಬಗಳು ಇಲ್ಲದಿಲ್ಲ.

ಈ ಸಂಕಟದ ಪರಿಹಾರಕ್ಕಾಗಿ ಅನೇಕ ಕಡೆಗಳಲ್ಲಿ ಉದ್ಯೋಗ ಮಾರ್ಗದರ್ಶನ ಶಿಬಿರಗಳು ಏರ್ಪಡುತ್ತಿರುವುದು ಸಂತೋಷದ ವಿಷಯವೇ. ಆದರೆ ಅವುಗಳಲ್ಲಿ ಹಲವು ಹೂಮಾಲೆ, ಭಾಷಣ, ಊಟ, ಭಾವಚಿತ್ರಗಳೊಡನೆ ಮುಗಿದುಹೋಗುತ್ತವೆ. ಮರುದಿನ ತರುಣನು ಹಿಂದೆ ಎಲ್ಲಿ ಕುಳಿತಿದ್ದನೋ ಅಲ್ಲಿಯೇ ಕುಳಿತಿರುತ್ತಾನೆ. ಹದವನ್ನು ನೋಡದೆ ಬಿತ್ತಿ, ಕಳೆಯನ್ನು ಕೀಳದೆ ಬಿಟ್ಟ ಹೊಲಕ್ಕೂ ಇಂತಹ ಶಿಬಿರಕ್ಕೂ ಹೆಚ್ಚಿನ ಭೇದವಿಲ್ಲ. ಶಿಬಿರದ ಒಂದು ದಿನಕ್ಕಿಂತ ಅದರ ಹಿಂದಿನ ಮೂರು ವಾರಗಳೂ ಮುಂದಿನ ಮೂರು ತಿಂಗಳುಗಳೂ ಮುಖ್ಯವಾದುವು; ಈ ಎರಡು ಅವಧಿಗಳ ಹೊಣೆಯು ಹೊರಗಿನಿಂದ ಬರುವ ಉಪನ್ಯಾಸಕರದಲ್ಲ, ಗ್ರಾಮದ ಯಜಮಾನರದು.

ಮುಂಚಿತವಾಗಿ ಮಾಡತಕ್ಕ ಏರ್ಪಾಡು

ಶಿಬಿರಕ್ಕೆ ಮೂರು ವಾರಗಳ ಮೊದಲೇ ಗ್ರಾಮದ ವಿದ್ಯಾರ್ಥಿಗಳ ಮತ್ತು ಪದವೀಧರರ ಒಂದು ಪಟ್ಟಿಯನ್ನು ತಯಾರಿಸತಕ್ಕದ್ದು. ಹೆಸರು, ವಯಸ್ಸು, ಓದಿದ ವಿಷಯ, ಮನೆಯ ಜಮೀನು, ಈಗ ಮಾಡುತ್ತಿರುವ ಕೆಲಸ ಇವುಗಳೊಡನೆ ಮೂರು ಪ್ರಶ್ನೆಗಳಿಗೆ ಅವರಿಂದಲೇ ಉತ್ತರವನ್ನು ಬರೆಯಿಸಬೇಕು: ಏನಾಗಬೇಕೆಂದು ಇಚ್ಛೆ, ಯಾವ ಕೆಲಸವು ಕೈಗೆ ಬರುತ್ತದೆ, ಅಡ್ಡಿಯಾಗಿರುವುದು ಯಾವುದು. ಈ ಉತ್ತರಗಳನ್ನು ಓದಿದ ಮೇಲೆಯೇ ಯಾರನ್ನು ಕರೆಯಿಸಬೇಕೆಂಬುದನ್ನು ನಿಶ್ಚಯಿಸತಕ್ಕದ್ದು. ಹೈನುಗಾರಿಕೆಯನ್ನು ಕೇಳಿದವರ ಮುಂದೆ ಕಂಪ್ಯೂಟರಿನ ಉಪನ್ಯಾಸವನ್ನು ಏರ್ಪಡಿಸಿದರೆ ಎರಡು ಕಡೆಯವರ ಹೊತ್ತೂ ವ್ಯರ್ಥ.

ಹತ್ತನೆಯ ತರಗತಿಯನ್ನು ಮುಗಿಸಿದವರಿಗೂ ಪದವೀಧರರಿಗೂ ಒಂದೇ ಮಾತು ಸಲ್ಲುವುದಿಲ್ಲವಾದ್ದರಿಂದ ಅವರನ್ನು ಬೇರೆಬೇರೆಯಾಗಿ ಕೂಡಿಸಬೇಕು. ಶಿಬಿರವು ಯಾರೊಬ್ಬರ ಮನೆಯ ಜಗಲಿಯಲ್ಲಿಯೂ ನಡೆಯಬಾರದು. ಎಲ್ಲ ಕೇರಿಯವರೂ ಸಂಕೋಚವಿಲ್ಲದೆ ಬರತಕ್ಕ ಶಾಲೆಯೇ ಉಚಿತವಾದ ಸ್ಥಳ. ಜಮೀನಿಲ್ಲದ ಕೂಲಿಕಾರರ ಮಕ್ಕಳನ್ನು ಯಜಮಾನರು ಖುದ್ದಾಗಿ ಹೋಗಿ ಕರೆಯಬೇಕು. ಹೆಣ್ಣುಮಕ್ಕಳು ಹೊತ್ತು ಮುಳುಗುವುದರೊಳಗೆ ಮನೆಯನ್ನು ಸೇರುವಂತೆ ವೇಳೆಯನ್ನು ಗೊತ್ತುಮಾಡಿ, ಅವರ ತಾಯಂದಿರನ್ನೂ ಆಹ್ವಾನಿಸುವುದು ಮೇಲು.

ಶಿಬಿರದ ದಿನ

ಪ್ರಾರಂಭದ ಭಾಷಣಗಳು ಎಲ್ಲ ಕೂಡಿ ಹತ್ತು ನಿಮಿಷಗಳನ್ನು ಮೀರಬಾರದು. ಅನಂತರ ಆರು ಮೇಜುಗಳನ್ನು ಹಾಕಿಸಿ ಒಂದೊಂದರಲ್ಲಿ ಒಬ್ಬೊಬ್ಬ ಅನುಭವಸ್ಥರನ್ನು ಕೂರಿಸತಕ್ಕದ್ದು: ರೈತ ಸಂಪರ್ಕ ಕೇಂದ್ರದ ಅಧಿಕಾರಿ, ಬ್ಯಾಂಕಿನ ಅಧಿಕಾರಿ, ಕೈಗಾರಿಕಾ ತರಬೇತಿ ಸಂಸ್ಥೆಯ ಉಪಾಧ್ಯಾಯರು, ಸ್ವಂತ ಉದ್ಯಮವನ್ನು ನಡೆಸುವ ಪದವೀಧರರು, ಪಟ್ಟಣದಲ್ಲಿ ನೌಕರಿಯಲ್ಲಿರುವ ಗ್ರಾಮದವರು ಮತ್ತು ಒಬ್ಬ ಅನುಭವಿ ರೈತರು. ಮೂವತ್ತಾರು ಮಂದಿ ಬಂದಲ್ಲಿ ಆರಾರು ಮಂದಿಯ ಆರು ತಂಡಗಳಾಗುತ್ತವೆ. ಪ್ರತಿಯೊಂದು ಮೇಜಿನಲ್ಲಿ ೨೦ ನಿಮಿಷಗಳಂತೆ ಎರಡು ಗಂಟೆಗಳಲ್ಲಿ ಪ್ರತಿಯೊಬ್ಬರೂ ಆರು ಮಂದಿಯೊಡನೆಯೂ ಮಾತನಾಡಿದಂತಾಗುತ್ತದೆ. ನೂರಾರು ಜನರ ಸಭೆಯಲ್ಲಿ ಬಾಯಿ ತೆರೆಯದವನು ಆರು ಜನರ ನಡುವೆ ಪ್ರಶ್ನೆಯನ್ನು ಕೇಳುತ್ತಾನೆ.

ಮೇಜಿಗೆ ಕೂರುವ ರೈತರು ತಮ್ಮ ಲೆಕ್ಕದ ಪುಸ್ತಕವನ್ನು ತರತಕ್ಕದ್ದು. ಎಕರೆಗೆ ತಗಲಿದ ಖರ್ಚು, ಬಂದ ಉತ್ಪತ್ತಿ, ನಷ್ಟವಾದ ವರ್ಷದ ಕಾರಣ ಇವೆಲ್ಲವನ್ನೂ ಮುಚ್ಚುಮರೆಯಿಲ್ಲದೆ ತೋರಿಸಬೇಕು. ಲಾಭವನ್ನು ಮಾತ್ರ ಹೇಳಿದರೆ ಕೇಳುವವರು ನಂಬುವುದಿಲ್ಲ. ನಂಬಿದರೂ ಮೊದಲನೆಯ ನಷ್ಟಕ್ಕೇ ಎದೆಗೆಡುತ್ತಾರೆ.

ಮಧ್ಯಾಹ್ನದ ಹೊತ್ತು ಕೇಳುವುದಕ್ಕಲ್ಲ, ಮಾಡುವುದಕ್ಕೆ. ಪ್ರತಿಯೊಬ್ಬರೂ ಒಂದು ಅರ್ಜಿಯನ್ನು ಸ್ವಹಸ್ತದಿಂದ ಬರೆದು ತಿದ್ದಿಸಿಕೊಳ್ಳಬೇಕು. ಸಂದರ್ಶನದ ಅಭ್ಯಾಸಕ್ಕಾಗಿ ಅಪರಿಚಿತರೊಬ್ಬರ ಮುಂದೆ ಐದು ನಿಮಿಷ ಉತ್ತರ ಕೊಡಬೇಕು. ಮುಂದಿನ ಮೂರು ತಿಂಗಳಲ್ಲಿ ತಾವು ಮಾಡುವ ಒಂದು ಕೆಲಸವನ್ನು ಬರೆದು ಕೊಡಬೇಕು. ಶಿಬಿರದಲ್ಲಿ ಯಾವ ಸಂಸ್ಥೆಯವರಿಗೂ ಶುಲ್ಕವನ್ನು ವಸೂಲು ಮಾಡಲು ಅವಕಾಶವನ್ನು ಕೊಡಕೂಡದು. ಸರ್ಕಾರಿ ನೌಕರಿಯು ಹಣ ಕೊಟ್ಟು ಕೊಳ್ಳತಕ್ಕ ವಸ್ತುವಲ್ಲವೆಂಬುದನ್ನು ತಂದೆತಾಯಿಗಳ ಎದುರಿಗೆ ಸ್ಪಷ್ಟವಾಗಿ ಹೇಳಬೇಕು.

ತಿಳಿಸತಕ್ಕ ಮುಖ್ಯ ಮಾರ್ಗಗಳು

ಕೃಷಿ ವಿದ್ಯೆಗೆ ಈ ನಾಡಿನಲ್ಲಿ ಹಳೆಯ ನೆಲೆಯುಂಟು. ೧೯೧೩ರಲ್ಲಿ ಹೆಬ್ಬಾಳದಲ್ಲಿ ಆರಂಭವಾದ ಕೃಷಿ ಪಾಠಶಾಲೆಯು ೧೯೪೬ರಲ್ಲಿ ಕಾಲೇಜಾಯಿತು. ಧಾರವಾಡದ ಕೃಷಿ ಕಾಲೇಜು ೧೯೪೭ರಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ ೧೯೬೪ರಲ್ಲಿಯೂ ಧಾರವಾಡದಲ್ಲಿ ೧೯೮೬ರಲ್ಲಿಯೂ ಕೃಷಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದುವು. ಕೃಷಿ ಪದವಿ ತರಗತಿಗಳ ಪ್ರವೇಶದಲ್ಲಿ ಕೃಷಿಕರ ಮಕ್ಕಳಿಗೆ ಮೀಸಲಾದ ಸ್ಥಾನಗಳುಂಟು. ಅವುಗಳಿಗಾಗಿ ಬೀಜ, ಗೊಬ್ಬರ, ಕಳೆ, ಉಪಕರಣ ಮುಂತಾದುವನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆಯು ನಡೆಯುತ್ತದೆ. ಓದಿಗೆ ಭಂಗವಾದೀತೆಂದು ಮಕ್ಕಳನ್ನು ಹೊಲದಿಂದ ದೂರವಿಡುವ ಭೂಮಾಲೀಕರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಹೊಲವನ್ನು ಕಾಣದ ರೈತನ ಮಗನು ಆ ಪರೀಕ್ಷೆಯಲ್ಲಿ ಪಟ್ಟಣದ ಹುಡುಗನಿಗಿಂತ ಮೇಲಾಗಲಾರನು.

ಕೃಷಿ ಮತ್ತು ಸಂಬಂಧಪಟ್ಟ ವಿಷಯಗಳ ಪದವೀಧರರಿಗೆ ೨೦೦೨ರಲ್ಲಿ ಕೇಂದ್ರ ಸರ್ಕಾರವು ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ವ್ಯವಹಾರ ಕೇಂದ್ರಗಳ ಯೋಜನೆಯನ್ನು ಆರಂಭಿಸಿತು. ಇದರಲ್ಲಿ ೪೫ ದಿನಗಳ ಉಚಿತ ತರಬೇತಿಯನ್ನು ಕೊಟ್ಟು, ಬ್ಯಾಂಕಿನ ಸಾಲದಿಂದ ಉದ್ಯಮವನ್ನು ಹೂಡುವವರಿಗೆ ವೆಚ್ಚದ ಶೇಕಡ ೩೬ರಷ್ಟು, ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೂ ಶೇಕಡ ೪೪ರಷ್ಟು ಸಹಾಯಧನವನ್ನು ಗೊತ್ತುಮಾಡಲಾಗಿದೆ. ಮಣ್ಣಿನ ಪರೀಕ್ಷೆ, ಸಸಿಮಡಿ, ಯಂತ್ರೋಪಕರಣಗಳ ಬಾಡಿಗೆ ಮುಂತಾದ ಉದ್ಯಮಗಳನ್ನು ಇದರ ಮೂಲಕ ಕೈಕೊಳ್ಳಬಹುದು.

ಬೇರೆ ವಿಷಯಗಳನ್ನು ಓದಿದವರಿಗೂ, ವ್ಯಾಸಂಗವನ್ನು ಅರ್ಧದಲ್ಲಿ ಬಿಟ್ಟವರಿಗೂ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು ಊಟ ವಸತಿಗಳೊಡನೆ ಉಚಿತವಾಗಿ ಕಸುಬುಗಳನ್ನು ಕಲಿಸುತ್ತವೆ. ಇವುಗಳಿಗೆ ಮಾದರಿಯಾದದ್ದು ೧೯೮೨ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ. ತರಬೇತಿಯು ಕೆಲವೇ ವಾರಗಳದಾದರೂ, ಕಲಿತು ಹೋದವರನ್ನು ಅನಂತರವೂ ಎರಡು ವರ್ಷಗಳವರೆಗೆ ವಿಚಾರಿಸಿಕೊಳ್ಳುವುದು ಈ ಪದ್ಧತಿಯ ವೈಶಿಷ್ಟ್ಯ. ಗ್ರಾಮದ ಶಿಬಿರಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಕೊರತೆಯೂ ಇದೇ.

ಶಿಬಿರದ ಅನಂತರ

ಆದುದರಿಂದ ಶಿಬಿರಕ್ಕೆ ಬಂದ ಪ್ರತಿಯೊಬ್ಬರಿಗೂ ಗ್ರಾಮದ ಒಬ್ಬ ಹಿರಿಯರನ್ನು ಗೊತ್ತುಮಾಡತಕ್ಕದ್ದು. ಅವರು ಹದಿನೈದನೆಯ ದಿನ, ಒಂದು ತಿಂಗಳು, ಮೂರು ತಿಂಗಳು ಹೀಗೆ ಮೂರು ಸಲ ಆ ತರುಣರನ್ನು ಕಂಡು, ಬರೆದು ಕೊಟ್ಟ ಕೆಲಸವು ಎಲ್ಲಿಗೆ ಬಂದಿತೆಂದು ಕೇಳಬೇಕು. ಅರ್ಜಿಯು ನಿಂತಿದ್ದರೆ ಜೊತೆಯಲ್ಲಿ ಕಚೇರಿಗೆ ಹೋಗಬೇಕು. ತಪ್ಪಿದವರನ್ನು ಜನರೆದುರಿಗೆ ಹಳಿಯಬಾರದು. ಒಂದು ಸಲ ಅವಮಾನಪಟ್ಟವರು ಎರಡನೆಯ ಸಲ ಬಾಗಿಲನ್ನು ತೆರೆಯುವುದಿಲ್ಲ.

ಅನುಕೂಲವಂತರಾದ ಭೂಮಾಲೀಕರಿಂದ ಆಗತಕ್ಕ ಉಪಕಾರವು ಮತ್ತೊಂದುಂಟು. ಬೇಸಾಯವನ್ನು ಕಲಿಯಲಿಚ್ಛಿಸುವ ತರುಣರಿಗೆ ಅರ್ಧ ಎಕರೆಯನ್ನು ಒಂದು ಹಂಗಾಮಿನ ಮಟ್ಟಿಗೆ ವಹಿಸಿಕೊಟ್ಟು, ಲೆಕ್ಕವನ್ನು ಅವರಿಂದಲೇ ಬರೆಯಿಸಬಹುದು. ತಂದೆಯೂ ಸ್ವಂತ ಮಗನಿಗೆ ಇದೇ ರೀತಿ ಮಾಡುವುದು ಲೇಸು. ಬೆಳೆಯ ಆಯ್ಕೆಯಾಗಲಿ ಹಣದ ಲೆಕ್ಕವಾಗಲಿ ತನ್ನ ಕೈಗೆ ಬಾರದ ಮಗನು, ಮೂವತ್ತು ವರ್ಷಗಳಾದರೂ ಮನೆಯಲ್ಲಿ ಕೂಲಿಯಾಳಿನಂತೆ ಇರುವನೇ ಹೊರತು ಬೇಸಾಯಗಾರನಾಗುವುದಿಲ್ಲ. ಅಂತಹವನು ಪಟ್ಟಣದ ಅಲ್ಪ ಸಂಬಳವನ್ನೇ ಬಯಸಿದರೆ ತಪ್ಪು ಅವನೊಬ್ಬನದೇ ಅಲ್ಲ.

ಶಿಬಿರಕ್ಕೆ ಎಷ್ಟು ಜನ ಬಂದಿದ್ದರೆಂಬ ಲೆಕ್ಕವು ಎಲ್ಲ ವರದಿಗಳಲ್ಲಿಯೂ ಇರುತ್ತದೆ. ಮೂರು ತಿಂಗಳ ಮೇಲೆ ಎಷ್ಟು ಮಂದಿ ಒಂದು ಹೆಜ್ಜೆಯನ್ನು ಮುಂದಿಟ್ಟರೆಂಬ ಲೆಕ್ಕವನ್ನು ಗ್ರಾಮದ ಯಜಮಾನರು ಇಡತಕ್ಕದ್ದು. ಮೂವತ್ತಾರು ಮಂದಿಯಲ್ಲಿ ನಾಲ್ವರು ಮಾತ್ರ ದಾರಿಯನ್ನು ಹಿಡಿದಿದ್ದರೂ ನಾಲ್ಕು ಮನೆಗಳ ಸಾಲವು ತೀರುವ ಮಾರ್ಗವಾಯಿತು, ಮತ್ತು ಮುಂದಿನ ವರ್ಷದ ಶಿಬಿರದಲ್ಲಿ ಮೇಜಿಗೆ ಕೂರತಕ್ಕ ನಾಲ್ವರು ಗ್ರಾಮದಲ್ಲಿಯೇ ದೊರೆತಂತಾಯಿತು.